ಕಾಡುದಾರಿಯಲ್ಲಿ ಓಡಲು ಶೂ ಕೊಳ್ಳುವವರೇ, ಮೊದಲು ಅಟ್ಟೆ ತಿರುಗಿಸಿ ನೋಡಿ

ಒಟಿಪಿ ಯಾರಿಗೂ ಹೇಳಬೇಡಿ, ಓದದೆ ಎಲ್ಲಿಯೂ ಸಹಿ ಹಾಕಬೇಡಿ ಎಂದು ಬ್ಯಾಂಕಿನ ಕೌಂಟರಿನಲ್ಲಿ ಕುಳಿತು ದಿನವೂ ಹತ್ತು ಜನರಿಗೆ ಬುದ್ಧಿ ಹೇಳುವ ನಾನು, ಶೂ ಅಂಗಡಿಯೊಂದರಲ್ಲಿ ಕಣ್ಣು ಬಿಟ್ಟುಕೊಂಡೇ ಹನ್ನೊಂದೂವರೆ ಸಾವಿರ ರೂಪಾಯಿಗೆ ಬೇಸ್ತು ಬಿದ್ದು ಬಂದಿದ್ದೇನೆ. ಇದನ್ನು ಬರೆಯಲು ಮೂರು ವಾರ ಹಿಂದೆ ಮುಂದೆ ನೋಡಿದೆ. ಹೇಳಿಕೊಂಡರೆ ನಗುತ್ತಾರೆ ಎಂಬ ಸಂಕೋಚ ಒಂದು ಕಡೆ, ಇಂಥವರನ್ನು ಸುಮ್ಮನೆ ಬಿಡಬಾರದು ಎಂಬ ಸಿಟ್ಟು ಇನ್ನೊಂದು ಕಡೆ. ಕೊನೆಗೆ ಸಿಟ್ಟೇ ಗೆದ್ದಿತು.

ಬೆಂಗಳೂರಿನ ಉತ್ತರಹಳ್ಳಿಯ ನಮ್ಮ ಬಡಾವಣೆಯ ಉದ್ಯಾನದಲ್ಲಿಯೂ ರಸ್ತೆಗಳಲ್ಲಿಯೂ ಎರಡು ವರ್ಷ ಓಡಿದ ಮೇಲೆ, ಭಾನುವಾರ ಬೆಳಿಗ್ಗೆ ತುರಹಳ್ಳಿ ಕಾಡಿಗೆ ಹೋಗುವ ಏಳೆಂಟು ಜನರ ಗುಂಪನ್ನು ಸೇರಿಕೊಂಡೆ. ಅಲ್ಲಿ ಓಡಿದವರಿಗೆ ಆ ನೆಲದ ಗುಣ ಗೊತ್ತಿರುತ್ತದೆ. ಸ್ವಲ್ಪ ದೂರ ಗಟ್ಟಿ ಕೆಮ್ಮಣ್ಣು, ಆಮೇಲೆ ಕಾಲಿಟ್ಟರೆ ಜಾರುವ ನೊರಜುಗಲ್ಲು, ಮಳೆನೀರು ಕೊರೆದ ಕೊರಕಲು, ಒಣಗಿದ ಎಲೆಗಳ ಕೆಳಗೆ ಅಡಗಿರುವ ಬೇರುಗಳು, ಇವೆಲ್ಲ ಮುಗಿಯಿತು ಎನ್ನುವಷ್ಟರಲ್ಲಿ ಬೋಳು ಬಂಡೆ. ಒಂದು ಸುತ್ತಿನಲ್ಲಿ ನಾಲ್ಕೈದು ಬಗೆಯ ನೆಲ ಸಿಗುತ್ತದೆ. ನನ್ನ ಹಳೆಯ ಶೂಗಳು ರಸ್ತೆಯ ಓಟಕ್ಕೆ ಮಾಡಿದಂಥವು. ಚೂಪುಗಲ್ಲಿನ ಮೇಲೆ ಕಾಲಿಟ್ಟರೆ ಅದರ ಮೊನೆ ಅಂಗಾಲಿಗೆ ತಾಗುತ್ತಿತ್ತು, ಇಳಿಜಾರಿನ ನೊರಜಿನಲ್ಲಿ ಹಿಮ್ಮಡಿ ಜಾರುತ್ತಿತ್ತು. ಟ್ರೇಲ್ ಶೂ, ಅಂದರೆ ಕಾಡುದಾರಿಯಲ್ಲಿ ಓಡಲೆಂದೇ ಮಾಡಿದ ಶೂ, ತೆಗೆದುಕೊಳ್ಳಿ ಎಂದು ಗುಂಪಿನವರೆಲ್ಲ ಹೇಳಿದರು. ಯಾವುದನ್ನು, ಹೇಗೆ ನೋಡಿ ಕೊಳ್ಳಬೇಕು ಎಂದು ನಾನು ಯಾರನ್ನೂ ಕೇಳಲಿಲ್ಲ. ಅದೇ ನನ್ನ ಮೊದಲ ತಪ್ಪು.

ನಗರದ ದಕ್ಷಿಣ ಭಾಗದಲ್ಲಿರುವ ಆ ಅಂಗಡಿಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ದೂರು ಇನ್ನೂ ವಿಚಾರಣೆಯಲ್ಲಿದೆ. ಒಳಗೆ ಟ್ರೆಡ್‌ಮಿಲ್, ಅದರ ಹಿಂದೆ ಕ್ಯಾಮೆರಾ, ಗೋಡೆಯ ಮೇಲೆ ಹಿಮಪರ್ವತದ ದೊಡ್ಡ ಚಿತ್ರ. ಇಪ್ಪತ್ತೈದು ದಾಟದ ಹುಡುಗನೊಬ್ಬ ಬಂದು, "ವಾಕಿಂಗ್‌ಗಾ ಮೇಡಂ?" ಎಂದ. ಅಲ್ಲಪ್ಪ, ಕಾಡಿನಲ್ಲಿ ಓಡುವುದಕ್ಕೆ ಎಂದೆ. ನಲವತ್ತೇಳು ವರ್ಷದ ಹೆಂಗಸಿನ ಬಾಯಲ್ಲಿ ಆ ಮಾತು ಕೇಳಿ ಪಕ್ಕದಲ್ಲಿದ್ದ ಇಬ್ಬರು ತಿರುಗಿ ನೋಡಿದರು. ಆಗಲೇ ನನಗೆ ಬೇಗ ಮುಗಿಸಿಕೊಂಡು ಹೊರಟರೆ ಸಾಕು ಎನಿಸಿತ್ತು.

ಟ್ರೆಡ್‌ಮಿಲ್ ಮೇಲೆ ಒಂದು ನಿಮಿಷ ಓಡಿಸಿ, ಪರದೆಯಲ್ಲಿ ನನ್ನ ಪಾದದ ಮೇಲೆ ಕೆಂಪು ಗೆರೆಗಳನ್ನು ಎಳೆದು, ಪಾದ ಒಳಗಡೆಗೆ ವಾಲುತ್ತಿದೆ ಎಂದು ಹೇಳಿ, ಅದಕ್ಕೆಂದು ಬೇರೆಯೇ ಒಂದು ಒಳಹಾಸನ್ನು ಮೊದಲು ಪಕ್ಕಕ್ಕೆ ತೆಗೆದಿಟ್ಟ. ಅದಕ್ಕೆ 1,499 ರೂಪಾಯಿ. ಆಮೇಲೆ ಹಸಿರು-ಕಿತ್ತಳೆ ಬಣ್ಣದ ಜೋಡಿಯೊಂದನ್ನು ತಂದು, "ಇದೇ ಟ್ರೇಲ್ ಮೇಡಂ. ರೋಡಲ್ಲೂ ಓಡಬಹುದು, ಕಾಡಲ್ಲೂ ಓಡಬಹುದು, ವಾಟರ್‌ಪ್ರೂಫ್ ಬೇರೆ, ಮಳೇಲೂ ಓಡಬಹುದು" ಎಂದ. ಬೆಲೆ 12,999, ನಿಮಗೆ ಅಂತ 9,999. ಶೂ ಧರಿಸಿ ಅಂಗಡಿಯ ನುಣುಪು ಟೈಲ್ಸ್ ಮೇಲೆ ನಾಲ್ಕು ಹೆಜ್ಜೆ ನಡೆದೆ. ಮೆತ್ತಗಿತ್ತು. ಬೆರಳುಗಳ ಮುಂದೆ ಜಾಗ ಸ್ವಲ್ಪ ಕಡಿಮೆಯಾಯಿತು ಎಂದರೆ, "ಹಾಕ್ತಾ ಹಾಕ್ತಾ ಲೂಸ್ ಆಗುತ್ತೆ" ಎಂಬ ಉತ್ತರ ಬಂತು. ಕಲ್ಲಿಲ್ಲದ, ಬೇರಿಲ್ಲದ, ಇಳಿಜಾರಿಲ್ಲದ ರಬ್ಬರ್ ಪಟ್ಟಿಯ ಮೇಲೆ ಓಡಿಸಿ ಕಾಡಿನ ಶೂ ಆರಿಸಿಕೊಟ್ಟದ್ದು ನನಗೆ ಆಗ ಹೊಳೆಯಲೇ ಇಲ್ಲ. ಮನೆಯಲ್ಲಿ ಬದನೆಕಾಯಿ ಕೊಳ್ಳುವಾಗ ತಿರುಗಿಸಿ ನೋಡುವವಳು ಈ ಶೂವಿನ ಅಟ್ಟೆಯನ್ನು ಒಮ್ಮೆಯೂ ತಿರುಗಿಸಿ ನೋಡಲಿಲ್ಲ!

ಬಿಲ್ ಕೇಳಿದ್ದಕ್ಕೆ, "ಬಿಲ್ ಬೇಕಂದ್ರೆ ಜಿಎಸ್‌ಟಿ ಸೇರುತ್ತೆ ಮೇಡಂ, ಆಫರ್ ಸಿಗಲ್ಲ" ಎಂದರು. ಎಂಆರ್‌ಪಿಯಲ್ಲಿ ಎಲ್ಲ ತೆರಿಗೆಗಳೂ ಸೇರಿರುತ್ತವೆ ಎಂಬುದು ನನಗೆ ಗೊತ್ತಿತ್ತು. ಗೊತ್ತಿದ್ದೂ ಎಸ್ಟಿಮೇಟ್ ಎಂದು ಬರೆದ ಚೀಟಿಯನ್ನು ಪರ್ಸಿನಲ್ಲಿ ಮಡಚಿಟ್ಟು, ಫೋನಿನಲ್ಲಿ ಹಣ ಹಾಕಿ ಬಂದೆ. ಮನೆಯಲ್ಲಿ ಐದು ಸಾವಿರ ಎಂದು ಹೇಳಿದೆ.

ಮೊದಲ ಭಾನುವಾರ ಇಳಿಜಾರುಗಳಲ್ಲಿ ಹೆಬ್ಬೆರಳು ಶೂವಿನ ಮೂತಿಗೆ ಬಡಿದು ಬಡಿದು ಉಗುರು ಕಪ್ಪಾಯಿತು. ಹೊಸ ಶೂ, ಹೊಂದಿಕೊಳ್ಳುತ್ತದೆ ಎಂದು ಸಮಾಧಾನ ಮಾಡಿಕೊಂಡೆ. ಎರಡನೆಯ ಭಾನುವಾರದ ಹಿಂದಿನ ರಾತ್ರಿ ಮಳೆ ಬಂದಿತ್ತು. ಕೊರಕಲೊಂದರಲ್ಲಿ ನಿಂತ ನೀರಿಗೆ ಕಾಲಿಟ್ಟೆ, ಕಣಕಾಲಿನ ಬಳಿಯಿಂದ ಒಳಗೆ ನುಗ್ಗಿದ ನೀರು ಹೊರಗೆ ಹೋಗಲೇ ಇಲ್ಲ. ಮುಂದಿನ ಎರಡು ಕಿಲೋಮೀಟರ್ ಚಪಕ್ ಚಪಕ್ ಎಂದು ಸದ್ದು ಮಾಡಿಕೊಂಡು ಓಡಿದೆ. ಬಂಡೆ ಹತ್ತಿ ಇಳಿಯುವಾಗ ಎರಡೂ ಕಾಲು ಒಟ್ಟಿಗೆ ಜಾರಿ, ಎಡಗೈ ಊರಿ, ಸೊಂಟದ ಮೇಲೆ ಬಿದ್ದೆ. ಅಂಗೈ ತರಚಿತು, ಕಾಲು ಉಳುಕಿತು.

ನಮ್ಮ ಗುಂಪಿನ ಹಿರಿಯರೊಬ್ಬರು ನನ್ನನ್ನು ಕೂರಿಸಿ, ಶೂ ಬಿಚ್ಚಿ ನೀರು ಸುರಿದು, ಅಟ್ಟೆಯನ್ನು ತಿರುಗಿಸಿ ನೋಡಿದರು. ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ಹೆಬ್ಬೆರಳಿನ ಉಗುರನ್ನು ಅಟ್ಟೆಯ ನಡುಭಾಗಕ್ಕೆ ಒತ್ತಿದರು. ಉಗುರಿನ ಗುರುತು ಹಾಗೆಯೇ ಕೂತಿತು. "ಇದು ರಬ್ಬರ್ ಅಲ್ಲಮ್ಮ, ಬಣ್ಣ ಹಾಕಿದ ಫೋಮ್" ಎಂದರು. ಮುಂದೆ ಹಿಂದೆ ಎರಡು ತುಂಡು ಗಟ್ಟಿ ರಬ್ಬರ್, ಉಳಿದದ್ದೆಲ್ಲ ಬರಿಯ ಫೋಮ್, ಅದರ ಮೇಲೆ ಹಲ್ಲುಗಳಂತೆ ಕಾಣಲು ಗೀರಿದ ಗೀರುಗಳು. ತಮ್ಮ ಶೂ ಬಿಚ್ಚಿ ಪಕ್ಕದಲ್ಲಿಟ್ಟು ತೋರಿಸಿದರು. ಅದರ ಅಟ್ಟೆ ತುದಿಯಿಂದ ತುದಿಗೆ ರಬ್ಬರ್, ಓಟಗಾರರು ಲಗ್ ಎನ್ನುವ ಹಲ್ಲುಗಳು ಬಿಡಿಬಿಡಿಯಾಗಿ ಎದ್ದು ನಿಂತಿದ್ದವು, ನಡುವೆ ಮಣ್ಣು ಉದುರಿಹೋಗಲು ಜಾಗವಿತ್ತು. ಇಂಥ ಬೆರಕೆ ನೆಲಕ್ಕೆ ನಾಲ್ಕು ಮಿಲಿಮೀಟರ್ ಆಸುಪಾಸಿನ ಹಲ್ಲು ಸಾಕು, ಕೆಸರಿಗೆಂದೇ ಮಾಡಿದ ಏಳೆಂಟು ಮಿಲಿಮೀಟರಿನವು ಬಂಡೆಯ ಮೇಲೆ ತೊನೆದಾಡುತ್ತವೆ, ಒದ್ದೆ ಬಂಡೆಯಲ್ಲಿ ಹಲ್ಲಿನ ಎತ್ತರಕ್ಕಿಂತ ರಬ್ಬರಿನ ಹಿಡಿತವೇ ಮುಖ್ಯ ಎಂದು ವಿವರಿಸಿದರು. ಅವರ ಶೂವಿನ ಮೂತಿಗೆ ಗಟ್ಟಿ ಕವಚವಿತ್ತು, ಅಟ್ಟೆಯೊಳಗೆ ಚೂಪುಗಲ್ಲು ತಾಗದಂತೆ ತೆಳುವಾದ ಹಲಗೆಯಂಥದ್ದಿತ್ತು. ನನ್ನದರಲ್ಲಿ ಎರಡೂ ಇರಲಿಲ್ಲ. ಮನೆಗೆ ಬಂದು ಮಗನ ಜಾಮಿಟ್ರಿ ಬಾಕ್ಸಿನ ಸ್ಕೇಲಿನಿಂದ ಅಳೆದೆ. ಹಲ್ಲುಗಳು ಎರಡು ಮಿಲಿಮೀಟರ್ ಕೂಡ ಇರಲಿಲ್ಲ.

ಇಷ್ಟೇ ಆಗಿದ್ದರೆ ನನ್ನ ದಡ್ಡತನ ಎಂದು ಸುಮ್ಮನಾಗುತ್ತಿದ್ದೆನೋ ಏನೋ. ಆ ರಾತ್ರಿ ಒದ್ದೆ ಶೂಗಳಿಗೆ ಹಳೆಯ ಪೇಪರ್ ತುರುಕುವಾಗ ನಾಲಗೆಯ ಒಳಬದಿಯ ಚಿಕ್ಕ ಪಟ್ಟಿಯ ಮೇಲೆ ತಯಾರಿಕೆಯ ತಿಂಗಳು ಕಣ್ಣಿಗೆ ಬಿತ್ತು. ನಾಲ್ಕು ವರ್ಷ ಹಿಂದಿನದು. ಹೊಸ ಸ್ಟಾಕ್ ಎಂದಿದ್ದರಲ್ಲ ಎಂದು ಅಟ್ಟದಿಂದ ಪೆಟ್ಟಿಗೆ ಇಳಿಸಿ ನೋಡಿದೆ. ಬೆಲೆಯ ಚೀಟಿಯ ಒಂದು ಮೂಲೆ ತುಸು ಎದ್ದಿತ್ತು. ಉಗುರಿನಿಂದ ಮೆಲ್ಲಗೆ ಕೆರೆದೆ. ಕೆಳಗೆ ಇನ್ನೊಂದು ಚೀಟಿ. ಅದರಲ್ಲಿ ಹಳೆಯ ತಿಂಗಳು, ಹಳೆಯ ಬೆಲೆ: 8,999. ಅಂದರೆ ಮೂರು ಸಾವಿರ ಬಿಟ್ಟುಕೊಟ್ಟೆವು ಎಂದು ನಗುನಗುತ್ತಾ ಹೇಳಿದವರು, ಪೆಟ್ಟಿಗೆಯ ಮೂಲ ಬೆಲೆಗಿಂತ ಒಂದು ಸಾವಿರ ಹೆಚ್ಚಿಗೆ ತೆಗೆದುಕೊಂಡಿದ್ದರು. ಆ ಚೀಟಿಯನ್ನು ಕೈಯಲ್ಲಿ ಹಿಡಿದು ಅಡುಗೆಮನೆಯ ನೆಲದ ಮೇಲೆ ಎಷ್ಟು ಹೊತ್ತು ಕುಳಿತಿದ್ದೆನೋ ನೆನಪಿಲ್ಲ. ಬಂಡೆಯ ಮೇಲೆ ಬಿದ್ದಾಗ ಆಗದ ನೋವು ಆಗ ಆಯಿತು. ನನ್ನ ಕಿವಿಯ ಮೇಲೆ ಹೂವಿಟ್ಟು, ಅದಕ್ಕೂ ದುಡ್ಡು ತೆಗೆದುಕೊಂಡಿದ್ದರು.

ಮಂಗಳವಾರ ಅರ್ಧ ದಿನ ರಜೆ ಹಾಕಿ ಅಂಗಡಿಗೆ ಹೋದೆ. ಆ ಹುಡುಗ ಬೇರೆ ಬ್ರಾಂಚಿಗೆ ಹೋಗಿದ್ದಾನೆ ಎಂದರು. ಮ್ಯಾನೇಜರ್ ಶೂವನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು ಹೇಳಿದ ಮೊದಲ ಮಾತು ಇದು: "ಮಣ್ಣಾಗಿದೆಯಲ್ಲ ಮೇಡಂ, ಮಣ್ಣಾದ ಶೂ ನಾವು ವಾಪಸ್ ತಗೊಳ್ಳಲ್ಲ." ಮಣ್ಣಿನ ದಾರಿಗೆಂದು ಮಾರಿದ ಶೂ ಮಣ್ಣಾಗಿದೆಯಂತೆ! ಕಾಡಿನಲ್ಲಿ ಓಡುವುದಕ್ಕೆಂದು ಹೇಳಿಯೇ ಕೊಂಡದ್ದು ಎಂದರೆ, "ಟ್ರೇಲ್ ಅಂದ್ರೆ ಪಾರ್ಕ್ ಟ್ರೇಲ್ ಮೇಡಂ, ಬಂಡೆ ಗಿಂಡೆ ಅಲ್ಲ" ಎಂದರು. ನೀರು ಒಳಗೆ ನಿಂತ ವಿಷಯ ತೆಗೆದರೆ, ವಾಟರ್‌ಪ್ರೂಫ್ ಆದದ್ದರಿಂದಲೇ ನೀರು ಹೊರಗೆ ಹೋಗಲಿಲ್ಲ, ಅದು ಗುಣಮಟ್ಟದ ಗುರುತು ಎಂದರು. ಈ ಉತ್ತರಕ್ಕೆ ಏನು ಹೇಳಬೇಕು ಎಂದು ನನಗೆ ಇವತ್ತಿಗೂ ತಿಳಿದಿಲ್ಲ. ಜಾರಿ ಬಿದ್ದದ್ದಕ್ಕೆ, "ನಿಮ್ಮ ವೇಟೂ ಸ್ವಲ್ಪ ಜಾಸ್ತಿ ಇರಬಹುದು" ಎಂದು ಎಲ್ಲರ ಎದುರಿಗೆ ಹೇಳಿದರು. ಎರಡು ಚೀಟಿಗಳನ್ನು ಮೇಜಿನ ಮೇಲಿಟ್ಟಾಗ ಮಾತ್ರ ಅವರ ದನಿ ಇಳಿಯಿತು. ಅದು ಕಂಪನಿಯಿಂದಲೇ ಹಾಗೆ ಬರುತ್ತದೆ ಎಂದರು. ಬಿಲ್ ತೋರಿಸಿ ಎಂದರು. ಬಿಲ್ ಕೊಡದವರೇ ಬಿಲ್ ಕೇಳಿದರು! ಕೊನೆಗೆ, ಮುಂದಿನ ಖರೀದಿಗೆ ಒಂದು ಸಾವಿರ ರೂಪಾಯಿ ರಿಯಾಯಿತಿಯ ಕೂಪನ್ ಚಾಚಿದರು. ತೆಗೆದುಕೊಳ್ಳದೆ ಎದ್ದು ಬಂದೆ.

ನೀವು ಕೊಳ್ಳುವುದಾದರೆ ಸಂಜೆ ಹೋಗಿ, ಅಷ್ಟು ಹೊತ್ತಿಗೆ ಪಾದ ಸ್ವಲ್ಪ ಊದಿಕೊಂಡಿರುತ್ತದೆ. ಓಡುವಾಗ ಹಾಕುವ ಕಾಲುಚೀಲವನ್ನೇ ಒಯ್ಯಿರಿ. ಅತಿ ಉದ್ದದ ಬೆರಳಿನ ಮುಂದೆ ಹೆಬ್ಬೆರಳಿನಗಲ ಜಾಗವಿಲ್ಲದಿದ್ದರೆ, ಲೂಸ್ ಆಗುತ್ತದೆ ಎಂದು ಯಾರು ಹೇಳಿದರೂ ನಂಬಬೇಡಿ. ಕಣಕಾಲಿನ ಹತ್ತಿರದ ಕೊನೆಯ ತೂತಿಗೂ ಲೇಸು ಪೋಣಿಸಿ, ಹಿಮ್ಮಡಿ ಮೇಲೇಳುತ್ತದೆಯೇ ನೋಡಿ. ನಮ್ಮ ಊರಿನ ಮಳೆಗೂ ಬಿಸಿಲಿಗೂ ನೀರು ಬಸಿದುಹೋಗುವ ಜಾಲರಿ ಬಟ್ಟೆಯ ಶೂವೇ ಮೇಲು. ಅಟ್ಟೆಗೆ ಉಗುರು ಒತ್ತಿ, ನಾಲಗೆ ಎತ್ತಿ ತಾರೀಖು ಓದಿ. ಏಕೆಂದರೆ ಫೋಮ್ ವರ್ಷ ಕಳೆದಂತೆ ಬಿರುಸಾಗುತ್ತದೆ, ಅಂಟೂ ಬಿಡುತ್ತದೆ. ನನ್ನ ಬಲಗಾಲಿನ ಶೂ ಈಗಾಗಲೇ ಮೂತಿಯಲ್ಲಿ ಬಾಯಿ ಬಿಟ್ಟಿದೆ. ಅಂಗಡಿಯವರು ಕಣ್ಣು ಕೆಂಪಗೆ ಮಾಡಿದರೂ ಪೆಟ್ಟಿಗೆಯ ಚೀಟಿಯನ್ನು ಕೆರೆದು ನೋಡಿ. ಪಟ್ಟು ಹಿಡಿದು ಬಿಲ್ ತೆಗೆದುಕೊಳ್ಳಿ.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಬಿಲ್ ಕೊಡದಿರುವುದೇ ಅನುಚಿತ ವ್ಯಾಪಾರ ಪದ್ಧತಿ, ಬಿಲ್ಲಿನಲ್ಲಿ ಅವಧಿ ಹೇಳದಿದ್ದರೆ ದೋಷವಿರುವ ವಸ್ತುವನ್ನು 30 ದಿನಗಳೊಳಗೆ ಹಿಂದಕ್ಕೆ ಪಡೆಯಲು ನಿರಾಕರಿಸುವುದೂ ಅದೇ. ಬೆಲೆ ಇಳಿಸುವುದಾದರೆ ಮಾತ್ರ ಹೊಸ ಚೀಟಿ ಅಂಟಿಸಬಹುದು, ಅದೂ ಹಳೆಯ ಬೆಲೆ ಮುಚ್ಚದಂತೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ನಾನು ಕರೆ ಮಾಡಿ, ಹಣ ಹಾಕಿದ ದಾಖಲೆ, ಎಸ್ಟಿಮೇಟ್ ಚೀಟಿ, ಪೆಟ್ಟಿಗೆಯ ಎರಡೂ ಚೀಟಿಗಳ ಫೋಟೊ ಕೊಟ್ಟು ದೂರು ದಾಖಲಿಸಿದ್ದೇನೆ. ಅಂಗಡಿಯಿಂದ ಇನ್ನೂ ಉತ್ತರ ಬಂದಿಲ್ಲ. ಉಳುಕು ಇಳಿಯುವವರೆಗೆ ನಾನು ತುರಹಳ್ಳಿಗೆ ಹೋಗುವಂತಿಲ್ಲ, ಆ ಶೂಗಳನ್ನು ಹಾಕಿಕೊಂಡು ಬೆಳಿಗ್ಗೆ ಹಾಲಿನ ಬೂತಿಗೆ ಹೋಗಿ ಬರುತ್ತೇನೆ. ಇದನ್ನು ಓದಿದ ಮೇಲೆ ಅವುಗಳ ನಿಜವಾದ ಬೆಲೆ ನಮ್ಮ ಮನೆಯವರಿಗೂ ತಿಳಿಯುತ್ತದೆ, ತಿಳಿಯಲಿ.