ತೆಂಗಿನಕಾಯಿ ಹಿಡಿದು ಬೋರ್ ಪಾಯಿಂಟ್ ಹಾಕೋರನ್ನ ನಂಬಬೇಡಿ

ಕೋಲಾರದ ಕಡೆ ಬೋರ್ ಹಾಕ್ಸೋಕೆ ಹೊರಟಿರೋರು ದಯವಿಟ್ಟು ಇದನ್ನ ಪೂರ್ತಿ ಓದಿ. ಹೇಳ್ಕೊಳ್ಳೋಕೆ ನಾಚಿಕೆ ಆಗುತ್ತೆ. ಮನೇಲೇ ಪೂರ್ತಿ ಲೆಕ್ಕ ಹೇಳೋಕೆ ನನಗೆ ಮೂರು ವಾರ ಹಿಡೀತು.

ಕೋಲಾರ ತಾಲ್ಲೂಕಲ್ಲಿ ದಿನ್ನೆ ಮೇಲೆ ನಮ್ಮದು ಎರಡು ಎಕರೆ. ಟೊಮೇಟೊ ಹೂ ಬಿಡೋ ಹೊತ್ತಿಗೆ ಹಳೇ ಬೋರ್ ಬತ್ತೋಯ್ತು. ನೀರು ಎಲ್ಲಿದೆ ಅಂತ ಪಾಯಿಂಟ್ ನೋಡೋನು ಬಂದ, ಅಂಗೈ ಮೇಲೆ ಕಾಯಿ ಮಲಗಿಸ್ಕೊಂಡು ಹೊಲ ಸುತ್ತಿದ. ಬೇವಿನಮರದ ಹತ್ರ ಕಾಯಿ ಎದ್ದು ನಿಂತಿತು. ಕಣ್ಣಾರೆ ನೋಡಿದೆ, ನಂಬಿಬಿಟ್ಟೆ.

"400 ಅಡಿಗೆ ಎರಡೂವರೆ ಇಂಚು ನೀರು ಅಣ್ಣಾ. ಕೆರೆಗೆ ಕೆ.ಸಿ. ವ್ಯಾಲಿ ನೀರು ಬಂದಿಲ್ವಾ, ಅದೇ ಸೆಲೆ" ಅಂದ. ಬೆಂಗಳೂರಿನ ಕೊಳಚೆ ನೀರನ್ನ ಶುದ್ಧ ಮಾಡಿ ನಮ್ಮ ಕಡೆ ಕೆರೆಗಳಿಗೆ ಬಿಡೋ ಯೋಜನೆ ಅದು. 2018ರಿಂದ ಬರ್ತಿರೋ ಆ ನೀರಿಂದ ಕೆರೆ ಅಕ್ಕಪಕ್ಕದ ಬೋರ್‌ಗಳಿಗೆ ಜೀವ ಬಂದಿದ್ದು ನಿಜ. ಆದ್ರೆ ಕೆರೆ ಇರೋದು ಮೂರು ಕಿಲೋಮೀಟರ್ ಆಚೆ, ತಗ್ಗಲ್ಲಿ. ದಿನ್ನೆಗೆ ಹೆಂಗೆ ಹತ್ತುತ್ತೆ ಅಂತ ನಾನು ಒಂದು ಮಾತು ಕೇಳಲಿಲ್ಲ. ಒಂದೇ ಒಂದು ಮಾತು!

ಬೋರ್ ಕೊರೆಯೋ ಲಾರಿನೂ ಅವನೇ ಕಳಿಸಿದ. 300 ಅಡಿ ದಾಟಿದ ಮೇಲೆ ನೂರು ನೂರು ಅಡಿಗೂ ರೇಟು ಏರೋದು ನಿಮಗೆ ಗೊತ್ತೇ ಇದೆ. 400 ಆಯ್ತು, ಬರೀ ಬಿಳೀ ಧೂಳು. 600ಕ್ಕೆ ಫೋನ್ ಮಾಡಿದೆ. "ಇನ್ನೊಂದು ನೂರು ಅಡಿ ಅಣ್ಣಾ." 900ಕ್ಕೆ ಮಾಡಿದೆ. "ಇಲ್ಲಿ ನಿಲ್ಲಿಸಿದ್ರೆ ಹಾಕಿದ ದುಡ್ಡೆಲ್ಲ ಮಣ್ಣುಪಾಲು. ಗಂಗಮ್ಮ ಪರೀಕ್ಷೆ ಮಾಡ್ತಿದ್ದಾಳೆ." 1,200ಕ್ಕೆ ಫೋನ್ ಸ್ವಿಚ್ ಆಫ್. ರಾತ್ರಿ ಮೂರು ಗಂಟೆ. ಲಾರಿ ಹುಡುಗರು "ಸಾಕು ಅನ್ನಿ, ಪೈಪ್ ಎತ್ತುತೀವಿ" ಅಂದ್ರು. ಬಳೆ ಬಿಚ್ಚಿಕೊಟ್ಟಿದ್ದ ಹೆಂಡತಿ ಅವರಿಗೆ ಕಾಫಿ ತಂದು ನಿಂತಿದ್ಲು, ತಲೆಯೆಲ್ಲ ಧೂಳು. ಅವಳ ಮುಖ ನೋಡಿ "ಇನ್ನೂ ಹೋಗಿ" ಅಂದೆ. ಹೇಳಿದ್ದು ನಾನೇ. 1,340ಕ್ಕೆ ನಿಂತಿತು. ಒಂದು ಹನಿ ಇಲ್ಲ.

ಬೆಳಿಗ್ಗೆ ದುಡ್ಡು ಎಣಿಸುವಾಗ ಲಾರಿಯವನು ಕೇಳಿದ: "ಪಾಯಿಂಟ್‌ನವನಿಗೆ ನೀವೇನೂ ಕೊಟ್ಟಿಲ್ಲ ತಾನೇ? ಅಡಿ ಲೆಕ್ಕದಲ್ಲಿ ನಾವೇ ಕೊಡ್ತೀವಿ." ಅಡಿ ಲೆಕ್ಕದಲ್ಲಿ! ಅವನಿಗೆ ಆಗಲೇ 5,000 ಕೊಟ್ಟಿದ್ದೆ. ರಾತ್ರಿಯೆಲ್ಲ "ಇನ್ನೊಂದು ನೂರು" ಅಂದಿದ್ದು ಯಾಕೆ ಅಂತ ಆಗ ತಿಳೀತು, ಕೈಯಲ್ಲಿದ್ದ ನೋಟು ಎಣಿಸೋಕಾಗಲಿಲ್ಲ.

ಎರಡು ದಿನ ಬಿಟ್ಟು ಪಾಯಿಂಟ್‌ನವನು ಸಿಕ್ಕ. "ಪಾಯಿಂಟ್ ಸರಿಯಿದೆ, ಲಾರಿಯವರು ಓರೆ ಕೊರೆದಿದ್ದಾರೆ." ಆಮೇಲೆ, "ನಿಮ್ಮ ಮನೇಲಿ ಅವತ್ತು ಯಾರಿಗಾದ್ರೂ ಮೈಲಿಗೆ ಇತ್ತಾ?" ಬಳೆ ಕೊಟ್ಟವಳ ಮೇಲೇ ಹಾಕಿದ. ಇದನ್ನ ನಾನು ಮರೆಯಲ್ಲ.

ಬೋರ್ ಒಳಗೆ ಇಳಿಸೋ ಕೇಸಿಂಗ್ ಪೈಪ್ ಸೇರಿ 2,35,000 ಹೋಯ್ತು. 400ಕ್ಕೇ ನಿಲ್ಲಿಸಿದ್ರೆ ಐವತ್ತು ಸಾವಿರದಲ್ಲಿ ಮುಗೀತಿತ್ತು. ಉಳಿದಿದ್ದು ಹೋಗಿದ್ದು ಬರದಿಂದಲ್ಲ, ನನ್ನ ದಡ್ಡತನದಿಂದ. ಹೋದ ದುಡ್ಡಿನ ಹಿಂದೆ ಇನ್ನೂ ದುಡ್ಡು ಸುರಿದೆ.

ನಮ್ಮ ಕಡೆ ಕೆಳಗಿರೋದು ಗಟ್ಟಿ ಕಲ್ಲು, ಬಿರುಕಿದ್ರೆ ಮಾತ್ರ ನೀರು. ಅಂತರ್ಜಲ ಕಚೇರಿ ಭೂವಿಜ್ಞಾನಿಗಳನ್ನ ಕೇಳಿ. ಅವರದ್ದೂ ಫೇಲ್ ಆಗಬಹುದು, ಆದ್ರೆ ಅಡಿಗಿಷ್ಟು ಅಂತ ಪಾಲು ತಿನ್ನಲ್ಲ. ಎಷ್ಟು ಅಡಿಗೆ ನಿಲ್ಲಿಸಬೇಕು ಅಂತ ಮೊದಲೇ ಚೀಟೀಲಿ ಬರೆದು ಹೆಂಡತಿ ಕೈಗೆ ಕೊಡಿ. ಫೇಲಾದ ಗುಂಡಿ ಅವತ್ತೇ ಮುಚ್ಚಿ, ಮಕ್ಕಳು ಓಡಾಡ್ತವೆ.

ನಿನ್ನೆ ಪಕ್ಕದೂರಿನ ತೋಟದಲ್ಲಿ ಅದೇ ಮನುಷ್ಯ ಕಾಯಿ ಹಿಡ್ಕೊಂಡು ಓಡಾಡ್ತಿದ್ದನಂತೆ. ಅದಕ್ಕೇ ಇವತ್ತು ಬರೆದೆ.