ಅಂಗಡಿಯ ಮೂಲೆಯಲ್ಲಿ ಕಳೆದುಹೋಗುವ ರಾತ್ರಿ: ‘ಸಬರ್ಬಿಯಾ’

ರಿಚರ್ಡ್ ಲಿಂಕ್‌ಲೇಟರ್ ನಿರ್ದೇಶನದ ‘ಸಬರ್ಬಿಯಾ’ (1996) ಚಿತ್ರದಲ್ಲಿ ಕಥೆ ಎನ್ನಬಹುದಾದದ್ದು ಬಹಳ ಕಡಿಮೆ. ಟೆಕ್ಸಾಸ್‌ನ ಬರ್ನ್‌ಫೀಲ್ಡ್ ಎಂಬ ಕಾಲ್ಪನಿಕ ಊರಿನಲ್ಲಿ ಇಪ್ಪತ್ತರ ಆಸುಪಾಸಿನ ಗೆಳೆಯರು ಅಂಗಡಿಯೊಂದರ ಬಳಿ ಬಿಯರ್ ಕುಡಿಯುತ್ತ ಹರಟುತ್ತಾರೆ. ರಾಕ್ ಗಾಯಕನಾಗಿ ಹೆಸರು ಮಾಡಿದ ಹಳೆಯ ಸಹಪಾಠಿ ಪೋನಿ, ಲಿಮೋಸಿನ್ ಕಾರಿನಲ್ಲಿ ಬಂದಿಳಿದಾಗ, ಅಲ್ಲಿಯವರೆಗೆ ತಮಾಷೆಯ ಮರೆಯಲ್ಲಿದ್ದ ಅಸೂಯೆ, ಅಂಜಿಕೆಗಳು ಒಂದೊಂದಾಗಿ ಹೊರಬೀಳುತ್ತವೆ.

ಎರಿಕ್ ಬೊಗೋಸಿಯನ್ ತಮ್ಮದೇ ನಾಟಕವನ್ನು ಚಿತ್ರಕಥೆಯಾಗಿಸಿರುವುದರಿಂದ ಮಾತು ಹೆಚ್ಚು, ಚಲನೆ ಕಡಿಮೆ. ಆದರೂ ಬೇಸರವಾಗುವುದಿಲ್ಲ. ಜೆಫ್ ಪಾತ್ರದ ಜಿಯೊವಾನಿ ರಿಬಿಸಿ, ಏನನ್ನೂ ಮಾಡದಿರುವುದಕ್ಕೆ ತತ್ತ್ವಜ್ಞಾನದ ಸಮರ್ಥನೆ ಹುಡುಕುವ ಯುವಕನನ್ನು ನಮಗೆ ಸಿಟ್ಟೂ ಕನಿಕರವೂ ಒಟ್ಟಿಗೆ ಬರುವಂತೆ ಅಭಿನಯಿಸಿದ್ದಾರೆ. ಬಫ್ ಆಗಿ ಸ್ಟೀವ್ ಜಾನ್ ತರುವ ಹುಚ್ಚುತನವೇ ಚಿತ್ರದ ನಗುವಿನ ಮುಖ್ಯ ಆಸರೆ. ರಂಗದ ಮೇಲೂ ಈ ಪಾತ್ರವನ್ನು ಅವರೇ ಮಾಡಿದ್ದರು.

ನನಗೆ ಹೆಚ್ಚು ನಾಟಿದ್ದು ಅಜಯ್ ನಾಯ್ಡು ನಟಿಸಿರುವ ನಜೀರ್. ಪಾಕಿಸ್ತಾನದಿಂದ ಬಂದು ಅಂಗಡಿ ನಡೆಸುತ್ತ ಎಂಜಿನಿಯರಿಂಗ್ ಪದವಿಯತ್ತ ಕಣ್ಣಿಟ್ಟಿರುವ ಅವನಿಗೆ, ಎಲ್ಲ ಅನುಕೂಲಗಳ ನಡುವೆ ಹುಟ್ಟಿ ಅದನ್ನು ಚೆಲ್ಲಾಡುವ ಈ ಗುಂಪು ಅರ್ಥವೇ ಆಗುವುದಿಲ್ಲ. ಅವನೊಂದಿಗೆ ಗುಂಪಿನಲ್ಲೊಬ್ಬನಾದ ಟಿಮ್ ನಡೆಸುವ ಜಗಳದಲ್ಲಿರುವ ಜನಾಂಗದ್ವೇಷವನ್ನು ನಿರ್ದೇಶಕರು ಎಲ್ಲಿಯೂ ಮೃದುಗೊಳಿಸಿಲ್ಲ.

ಅದೇ ಗುಂಪಿನ ಹುಡುಗಿ ಬೀ-ಬೀಯ ಪಾತ್ರಕ್ಕೆ ಮಾತ್ರ ನ್ಯಾಯ ಸಿಕ್ಕಿಲ್ಲ: ಅವಳ ನೋವು ಕೊನೆಯ ಆಘಾತಕ್ಕೆ ಬೇಕಾದ ಸಲಕರಣೆಯಂತೆ ಬಳಕೆಯಾಗಿದೆ. ಸೋನಿಕ್ ಯೂತ್ ತಂಡದ ಸಂಗೀತ ಆ ರಾತ್ರಿಯ ಜಡತೆಗೆ ಚೆನ್ನಾಗಿ ಹೊಂದುತ್ತದೆ.