ಮೊರ್ಡ್‌ಹೌ ಡ್ಯುಯೆಲ್‌ಗೆ ಆನ್‌ಲೈನ್ ತರಬೇತಿ: ಒಂದು ವಿಮರ್ಶೆ

ಮೊರ್ಡ್‌ಹೌ ಎಂಬ ಕಂಪ್ಯೂಟರ್ ಆಟದಲ್ಲಿ ಒಬ್ಬರಿಗೊಬ್ಬರು ಎದುರಾಗಿ ಕಾದಾಡುವ ಡ್ಯುಯೆಲ್‌ಗಳಿಗೆಂದೇ ವೈಯಕ್ತಿಕ ತರಬೇತಿ ಕೊಡುವ ಸೇವೆಯೊಂದನ್ನು ಕೆಲವು ವಾರಗಳಿಂದ ಬಳಸುತ್ತಿದ್ದೇನೆ. ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ. ಆಟದ ಮೂಲ ಪಟ್ಟುಗಳೆಲ್ಲ ಕೈಗೆ ಹತ್ತಿದ್ದರೂ ಒಂದು ಮಟ್ಟದಿಂದ ಮೇಲೇರಲಾಗದೆ ನಿಂತುಬಿಟ್ಟಿರುವ ಆಟಗಾರರಿಗೆ ಇದು ನಿಜಕ್ಕೂ ಉಪಯುಕ್ತ. ಈಗಷ್ಟೇ ಆಟ ಹಿಡಿದವರಿಗೆ ಸದ್ಯಕ್ಕೆ ಬೇಡ. ಹೊಸ ಪಟ್ಟುಗಳನ್ನು ಹೇಳಿಕೊಡುವುದು ಇಲ್ಲಿ ಮುಖ್ಯವಲ್ಲ. ತಿಂದ ಪ್ರತಿಯೊಂದು ಏಟಿನ ಕಾರಣವನ್ನು ಆ ಏಟಿನಲ್ಲಿ ಹುಡುಕದೆ ಅದಕ್ಕೂ ಹಿಂದಿನ ಕ್ಷಣದಲ್ಲಿ ಹುಡುಕುವ ಅಭ್ಯಾಸವನ್ನು ಈ ತರಬೇತಿ ಬೆಳೆಸುತ್ತದೆ, ಮತ್ತು ನನ್ನ ಮಟ್ಟಿಗೆ ಅದೇ ಇದರ ನಿಜವಾದ ಬೆಲೆ.

ಆಟದ ಪರಿಚಯವಿಲ್ಲದವರಿಗಾಗಿ ಸ್ವಲ್ಪ ವಿವರ. ಟ್ರೈಟರ್ನಿಯನ್ ತಂಡ 2019ರ ಏಪ್ರಿಲ್‌ನಲ್ಲಿ ಬಿಡುಗಡೆ ಮಾಡಿದ ಮೊರ್ಡ್‌ಹೌ, ಮಧ್ಯಯುಗದ ಆಯುಧಗಳನ್ನು ಹಿಡಿದು ಹಲವರು ಒಟ್ಟಿಗೆ ಆಡುವ ಆಟ. ದೊಡ್ಡ ಮೈದಾನಗಳಲ್ಲಿ ಗುಂಪುಕಟ್ಟಿ ಕಾದಾಡುವುದಕ್ಕೂ ಇಲ್ಲಿ ಅವಕಾಶವಿದೆ. ಆದರೆ ಈ ಆಟದ ಕತ್ತಿವರಸೆ ಎಷ್ಟು ಆಳವಾದದ್ದೆಂಬುದು ಅರಿವಿಗೆ ಬರುವುದು ಡ್ಯುಯೆಲ್‌ನಲ್ಲಿ. ಬೀಸಿನ ಕೋನವನ್ನು ಆಟಗಾರನೇ ಮೌಸ್‌ನಿಂದ ಆರಿಸಿಕೊಳ್ಳುತ್ತಾನೆ. ಬೀಸು ಹೊರಟ ಮೇಲೂ ಮೈ ತಿರುಗಿಸಿ ಅಲಗು ಎದುರಾಳಿಯನ್ನು ತಡವಾಗಿ ತಲುಪುವಂತೆ ಮಾಡಿದರೆ ಅದು ಡ್ರ್ಯಾಗ್, ಬೇಗ ತಲುಪುವಂತೆ ಮಾಡಿದರೆ ಆಕ್ಸೆಲ್. ಎತ್ತಿದ ಕತ್ತಿಯ ಏಟನ್ನು ಹೊರಡುವ ಮೊದಲೇ ರದ್ದು ಮಾಡುವುದು ಫೇಂಟ್. ಬೀಸನ್ನು ತಿವಿತವಾಗಿಯೋ ತಿವಿತವನ್ನು ಬೀಸಾಗಿಯೋ ಕತ್ತಿ ಎತ್ತಿದ ಹಂತದಲ್ಲೇ ಬದಲಿಸುವುದು ಮಾರ್ಫ್.

ಇದಕ್ಕೆಲ್ಲ ಎದುರಾಗಿ ಇರುವುದು ಪ್ಯಾರಿ, ಅಂದರೆ ಹೊತ್ತುನೋಡಿ ಒತ್ತಬೇಕಾದ ತಡೆ. ಗುರಾಣಿ ಇಲ್ಲದಿದ್ದರೆ ಗುಂಡಿಯನ್ನು ಒತ್ತಿಹಿಡಿದು ನಿಲ್ಲುವಂತಿಲ್ಲ. ತಡೆ ಕೆಲಸ ಮಾಡುವ ಕಾಲ ಬಹಳ ಚಿಕ್ಕದು, ಅದು ಮುಗಿದ ಮೇಲೆ ಮತ್ತೆ ತಡೆಯಲು ಆಗದ ಒಂದು ಬಿಡುವು ಬರುತ್ತದೆ, ಡ್ರ್ಯಾಗ್ ಮತ್ತು ಫೇಂಟ್ ಎರಡೂ ಹೊಂಚುಹಾಕುವುದು ಆ ಬಿಡುವಿಗಾಗಿಯೇ. 2021ರಲ್ಲಿ ಬಂದ ಶಿವಲ್ರಿ 2ರಲ್ಲಿ ತಡೆಯನ್ನು ಹಿಡಿದು ನಿಲ್ಲಬಹುದು, 2017ರ ಫಾರ್ ಆನರ್‌ನಲ್ಲಿ ಮೂರು ದಿಕ್ಕುಗಳಲ್ಲಿ ಒಂದನ್ನು ಆರಿಸಿ ಕಾಯಬಹುದು. ಆ ಆಟಗಳಲ್ಲಿ ಪಳಗಿದವರು ಮೊರ್ಡ್‌ಹೌಗೆ ಬಂದಾಗ ಮೊದಲು ಎಡವುವುದು ಇಲ್ಲಿಯೇ ಎಂದು ನನಗೆ ಅನ್ನಿಸುತ್ತದೆ. ಒಂದು ಆಟದಲ್ಲಿ ಹೆಸರು ಮಾಡಿದ ತರಬೇತುದಾರರು ಇನ್ನೊಂದನ್ನೂ ಅಷ್ಟೇ ಚೆನ್ನಾಗಿ ಕಲಿಸಬಲ್ಲರೆಂದು ನಂಬಲಾಗದಿರುವುದಕ್ಕೂ ಇದೇ ಕಾರಣ.

ತರಬೇತಿಯ ಕ್ರಮ ಹೀಗಿದೆ. ಮೊದಲ ಭೇಟಿಗೆ ಮುನ್ನವೇ ನಮ್ಮ ಡ್ಯುಯೆಲ್‌ಗಳ ರೆಕಾರ್ಡಿಂಗ್‌ಗಳನ್ನು ಕಳುಹಿಸಬೇಕು. ಗೆದ್ದವಕ್ಕಿಂತ ಸೋತವೇ ಹೆಚ್ಚಿರಲಿ, ಮತ್ತು ಸೆಕೆಂಡಿಗೆ 60 ಫ್ರೇಮ್‌ಗಳಿಗೆ ಕಡಿಮೆಯಿಲ್ಲದಂತೆ ದಾಖಲಿಸಿರಲಿ ಎಂಬುದು ಅವರ ಬೇಡಿಕೆ. ಆ ವೇಗದಲ್ಲಿ ದಾಖಲಿಸಿದಾಗ ಒಂದೊಂದು ಫ್ರೇಮ್ ಸುಮಾರು 16.7 ಮಿಲಿಸೆಕೆಂಡಿನಷ್ಟು ಕಾಲವನ್ನು ತೋರಿಸುವುದರಿಂದ, ಕತ್ತಿ ಎತ್ತಿದ್ದು ಯಾವಾಗ, ತಡೆ ಒತ್ತಿದ್ದು ಯಾವಾಗ ಎಂಬುದನ್ನು ಊಹೆಗೆ ಬಿಡದೆ ಎಣಿಸಿ ನೋಡಬಹುದು. ನಂತರ ಧ್ವನಿಕರೆಯಲ್ಲಿ ಪರದೆ ಹಂಚಿಕೊಂಡು ರೆಕಾರ್ಡಿಂಗ್ ಪರಿಶೀಲನೆ, ಅದಾದ ಮೇಲೆ ಖಾಲಿ ಸರ್ವರ್‌ನಲ್ಲಿ ಎದುರುಬದುರು ಅಭ್ಯಾಸ, ಕೊನೆಗೆ ಮುಂದಿನ ಭೇಟಿಯವರೆಗೆ ಮಾಡಬೇಕಾದದ್ದರ ಲಿಖಿತ ಟಿಪ್ಪಣಿ. ಟಿಪ್ಪಣಿ ಯಾವಾಗಲೂ ಚಿಕ್ಕದಾಗಿರುತ್ತದೆ, ಅದರಲ್ಲಿ ಒಂದೇ ಒಂದು ಕೆಲಸವಿರುತ್ತದೆ. ಒಟ್ಟಿಗೆ ಹತ್ತು ಸಲಹೆಗಳನ್ನು ಹೇರದಿರುವುದು ನನಗೆ ಬಹಳ ಹಿಡಿಸಿತು.

ಈ ಪರಿಶೀಲನೆಯ ಗುಣಮಟ್ಟ ತಿಳಿಯಬೇಕಾದರೆ ಒಂದು ಹೊಡೆದಾಟವನ್ನು ಹತ್ತಿರದಿಂದ ನೋಡಬೇಕು. ನನ್ನ ಕೈಯಲ್ಲಿ ಲಾಂಗ್‌ಸ್ವರ್ಡ್, ಎದುರಾಳಿಯ ಕೈಯಲ್ಲಿ ಮೆಸ್ಸರ್. ಅವನ ಬೀಸನ್ನು ನಾನು ತಡೆದೆ. ತಡೆದ ಕೂಡಲೇ ಕೊಡುವ ಪ್ರತ್ಯೇಟನ್ನು, ಅಂದರೆ ರಿಪೋಸ್ಟನ್ನು, ಕೊಟ್ಟೆ. ಅವನು ಅದನ್ನು ತಡೆದು ತನ್ನ ರಿಪೋಸ್ಟನ್ನು ಡ್ರ್ಯಾಗ್ ಮಾಡಿದ. ನನ್ನ ಪ್ಯಾರಿ ಬೇಗ ಮುಗಿದು ಏಟು ಭುಜಕ್ಕೆ ಬಿತ್ತು. ಯಾರೇ ನೋಡಿದರೂ ತಡೆಯ ಹೊತ್ತು ತಪ್ಪಿತು ಎನ್ನುವಂಥ ದೃಶ್ಯವಿದು. ತರಬೇತುದಾರರು ಏಟು ಬಿದ್ದ ಫ್ರೇಮಿನಲ್ಲಿ ನಿಲ್ಲದೆ ಒಂದೊಂದಾಗಿ ಹಿಂದಕ್ಕೆ ಸರಿಸುತ್ತ ಹೋಗಿ, ನಾನು ರಿಪೋಸ್ಟ್ ಕೊಡುವಾಗ ಇಟ್ಟ ಹೆಜ್ಜೆಯಲ್ಲಿ ನಿಲ್ಲಿಸಿದರು. ಆ ಹೆಜ್ಜೆ ನನ್ನನ್ನು ಎದುರಾಳಿಯ ಮೈಗೆ ಅಂಟುವಷ್ಟು ಹತ್ತಿರ ತಂದಿತ್ತು. ಅಲ್ಲಿಂದ ಮುಂದೆ ಪರದೆಯ ತುಂಬ ಅವನ ಎದೆಯೇ. ಕತ್ತಿ ಹಿಡಿದ ಕೈ ಪರದೆಯ ಅಂಚಿನಾಚೆ ಸರಿದಿತ್ತು, ಅಲಗಂತೂ ಕಾಣುತ್ತಲೇ ಇರಲಿಲ್ಲ. ಕಾಣದ ಅಲಗನ್ನು ಹೊತ್ತುನೋಡಿ ತಡೆಯುವುದು ಯಾರಿಂದಲೂ ಆಗದು. ಅರ್ಧ ಹೆಜ್ಜೆ ಹಿಂದೆ ನಿಂತಿದ್ದರೂ ನನ್ನ ಕತ್ತಿ ಅವನನ್ನು ಮುಟ್ಟುತ್ತಿತ್ತು ಎಂಬುದನ್ನು ಮರುದಿನ ಅದೇ ಅಂತರದಲ್ಲಿ ನಿಂತು ತೋರಿಸಿಕೊಟ್ಟರು. ಆ ವಾರದ ಟಿಪ್ಪಣಿಯಲ್ಲಿ ಪ್ಯಾರಿಯ ಮಾತೇ ಇರಲಿಲ್ಲ. ರಿಪೋಸ್ಟ್ ಕೊಟ್ಟ ಕೂಡಲೇ ಎದುರಾಳಿಯ ಕೈ ಪರದೆಯೊಳಗೆ ಕಾಣುತ್ತಿದೆಯೇ ಎಂದು ಪ್ರತಿ ಸಲವೂ ಗಮನಿಸಿ ಎಂದಷ್ಟೇ ಇತ್ತು.

ಇಂಥ ಪರಿಶೀಲನೆಯನ್ನು ನಮ್ಮಷ್ಟಕ್ಕೆ ನಾವೇ ಮಾಡಿಕೊಳ್ಳಬಹುದಲ್ಲ ಎಂಬ ಪ್ರಶ್ನೆ ಸಹಜ. ಮಾಡಿಕೊಳ್ಳಬಹುದು, ಮಾಡಿಕೊಳ್ಳಬೇಕು ಕೂಡ. ಆದರೆ ಸೋತ ಆಟವನ್ನು ಮತ್ತೆ ನೋಡುವಾಗ ನಮ್ಮ ಕಣ್ಣು ನೇರವಾಗಿ ಏಟು ಬಿದ್ದ ಜಾಗಕ್ಕೇ ಹೋಗುತ್ತದೆ. ಅಲ್ಲಿಂದ ಹಿಂದಕ್ಕೆ ಎಷ್ಟು ದೂರ ಹೋಗಬೇಕು, ಎಲ್ಲಿ ನಿಲ್ಲಬೇಕು ಎಂದು ತಿಳಿಯುವುದಕ್ಕೆ ಪಳಗಿದ ಕಣ್ಣೇ ಬೇಕು.

ಅಭ್ಯಾಸದ ಭಾಗವೂ ಯೋಚಿಸಿ ಕಟ್ಟಿದ್ದು. ಕಣ್ಣಿಗೆ ಕಂಡ ಒಂದೇ ಸಂಕೇತಕ್ಕೆ ಕೈ ಸ್ಪಂದಿಸಲು ಮನುಷ್ಯನಿಗೆ ಸಾಮಾನ್ಯವಾಗಿ 200ರಿಂದ 250 ಮಿಲಿಸೆಕೆಂಡು ಹಿಡಿಯುತ್ತದೆ. ಎದುರಿಗೆ ಬರಬಹುದಾದ ಸಂಗತಿಗಳು ಹೆಚ್ಚಾದಷ್ಟೂ ಈ ಕಾಲವೂ ಹೆಚ್ಚುತ್ತದೆ. 1952ರಲ್ಲಿ ಬ್ರಿಟಿಷ್ ಮನಶ್ಶಾಸ್ತ್ರಜ್ಞ ಹಿಕ್ ಪ್ರಯೋಗಗಳಿಂದ ತೋರಿಸಿದ್ದು ಇದನ್ನೇ. ಬೀಸು, ತಿವಿತ, ಫೇಂಟ್, ಮಾರ್ಫ್, ಡ್ರ್ಯಾಗ್, ಆಕ್ಸೆಲ್, ಒದೆತ ಎಲ್ಲವೂ ಸಾಧ್ಯವೆಂದು ಭಾವಿಸಿ ಕಾಯುತ್ತ ನಿಂತವನ ಕೈ ತಡವಾಗಿಯೇ ಚಲಿಸುತ್ತದೆ. ಹಾಗಾಗಿ ತರಬೇತುದಾರರು ಆರಂಭದಲ್ಲಿ ಎರಡೇ ಸಾಧ್ಯತೆಗಳನ್ನು ಇಟ್ಟರು: ಒಂದೇ ಕಡೆಯ ಬೀಸು, ಅದು ನಿಜವಾಗಿ ಬರಬಹುದು ಇಲ್ಲವೇ ಫೇಂಟ್ ಆಗಬಹುದು. ಕತ್ತಿ ಎತ್ತಿದಾಗ ಒತ್ತಬೇಡಿ, ಬೀಸು ಹೊರಟ ಮೇಲೆ ಮಾತ್ರ ಒತ್ತಿ ಎಂಬುದೊಂದೇ ನಿಯಮ. ಅದು ಸಲೀಸಾದ ಮೇಲೆ ಡ್ರ್ಯಾಗ್ ಸೇರಿತು, ಆಮೇಲೆ ಮಾರ್ಫ್. ಎಲ್ಲವನ್ನೂ ಸೇರಿಸಿದ ಹಂತದಲ್ಲಿ ಅವರು ಹೇಳಿದ ಮಾತು ಬೇರೆ ರೀತಿಯದು: ಪ್ರತಿಯೊಂದಕ್ಕೂ ಸ್ಪಂದಿಸಲು ಹೋಗಬೇಡಿ, ಎದುರಾಳಿ ನಿಂತಿರುವ ಅಂತರ ಮತ್ತು ಅವನಲ್ಲಿ ಉಳಿದಿರುವ ಸ್ಟ್ಯಾಮಿನಾ (ಹೊಡೆದಾಟದಲ್ಲಿ ಖರ್ಚಾಗುವ ಕಸುವು) ನೋಡಿ ಯಾವುದು ಬರಲಾರದು ಎಂಬುದನ್ನು ಮೊದಲೇ ತಳ್ಳಿಹಾಕಿ. ಸ್ಟ್ಯಾಮಿನಾ ಬತ್ತಿದವನಿಗೆ ಫೇಂಟ್ ಮತ್ತು ಮಾರ್ಫ್ ದುಬಾರಿ. ದೂರದಲ್ಲಿ ನಿಂತವನಿಂದ ಆಕ್ಸೆಲ್‌ನ ಭಯ ಕಡಿಮೆ.

ಸ್ಟ್ಯಾಮಿನಾದ ಪಾಠ ಇಡೀ ತರಬೇತಿಯಲ್ಲಿ ನನಗೆ ಅತ್ಯಂತ ಹೆಚ್ಚು ಲಾಭ ತಂದ ಭಾಗ. ಮೊರ್ಡ್‌ಹೌದಲ್ಲಿ ಗುರಿತಪ್ಪಿದ ಏಟಿಗೆ ಸ್ಟ್ಯಾಮಿನಾ ಹೋಗುತ್ತದೆ, ಫೇಂಟಿಗೆ ಹೋಗುತ್ತದೆ, ಮಾರ್ಫಿಗೆ ಹೋಗುತ್ತದೆ, ತಡೆದಾಗ ಎದುರಾಳಿಯ ಆಯುಧಕ್ಕೆ ತಕ್ಕಂತೆ ಹೋಗುತ್ತದೆ. ಪೂರ್ತಿ ಬರಿದಾದ ಮೇಲೆ ತಡೆದರೆ ಆಯುಧವೇ ಕೈಬಿಟ್ಟು ಹಾರುತ್ತದೆ. ಇದು ಎಲ್ಲರಿಗೂ ಗೊತ್ತಿರುವ ನಿಯಮ. ಆದರೆ ಅನೇಕರು ಇದನ್ನು ಹೊಡೆದಾಟದ ಕೊನೆಯಲ್ಲಿ ಎದುರಾಗುವ ಅಪಾಯವೆಂದಷ್ಟೇ ತಿಳಿದಿರುತ್ತಾರೆ. ಏಟು ತಗಲದಿದ್ದರೂ ಎದುರಾಳಿಯ ಬೀಸು ಗಾಳಿಗೆ ಹೋಗುವಂತೆ ಅರ್ಧ ಹೆಜ್ಜೆ ಹಿಂದೆ ಸರಿಯುವುದು ಒಂದು ದಾಳಿಯೇ ಎಂಬ ದೃಷ್ಟಿಯನ್ನು ಈ ತರಬೇತಿ ಕೊಟ್ಟಿತು. ಯಾವ ಹೊಸ ಪಟ್ಟನ್ನೂ ಕಲಿಯದೆ, ಗುರಿತಪ್ಪಿದ ಏಟುಗಳನ್ನು ಕಡಿಮೆ ಮಾಡಿದ್ದರಿಂದಲೇ ಡ್ಯುಯೆಲ್‌ಗಳು ಉದ್ದವಾದವು, ಮತ್ತು ಉದ್ದವಾದ ಡ್ಯುಯೆಲ್‌ಗಳಲ್ಲಿ ಮೊದಲು ದಣಿಯುವವನು ನಾನಾಗಿರಲಿಲ್ಲ.

ಸರದಿಯ ವಿಷಯದಲ್ಲಿಯೂ ಅವರ ನಿಲುವು ಗಟ್ಟಿ. ತಡೆದವನಿಗೆ ರಿಪೋಸ್ಟಿನ ಸರದಿ ಬರುತ್ತದೆ. ಸರದಿಯಿಲ್ಲದವನು ಕಾಯದೆ ಹೊಡೆದರೆ ಅದನ್ನು ಆಟಗಾರರು ಗ್ಯಾಂಬಲ್ ಎನ್ನುತ್ತಾರೆ. ಗ್ಯಾಂಬಲ್ ಕೆಲವೊಮ್ಮೆ ಫಲಿಸುತ್ತದೆ ಎಂಬುದೇ ಅದರ ತೊಂದರೆ, ಏಕೆಂದರೆ ಫಲಿಸಿದ ಒಂದು ಏಟು ಕೆಟ್ಟ ಅಭ್ಯಾಸವನ್ನು ಬಹುಕಾಲ ಪೋಷಿಸುತ್ತದೆ. ಗೆದ್ದ ಡ್ಯುಯೆಲ್‌ನಲ್ಲಿಯೂ ಗ್ಯಾಂಬಲ್ ಕಂಡರೆ ಅವರು ಅದನ್ನು ಸೋಲಿನ ಪಟ್ಟಿಗೇ ಸೇರಿಸುತ್ತಿದ್ದರು. ಎದುರಾಳಿಯ ಏಟಿಗೆ ಅದೇ ಬಗೆಯ, ಅದೇ ದಿಕ್ಕಿನ ಏಟಿನಿಂದಲೇ ಉತ್ತರಿಸುವ ಚೇಂಬರ್ ಅನ್ನು ಅವರು ಬಹಳ ತಡವಾಗಿ ಮುಟ್ಟಿದ್ದೂ ಸರಿಯಾದ ನಿರ್ಧಾರ. ನೋಡಲು ಬೆರಗು ಹುಟ್ಟಿಸುವ ಪಟ್ಟು ಅದು. ಆದರೆ ಏಟನ್ನು ಓದಲು ಬಾರದವನ ಕೈಯಲ್ಲಿ ಅದೂ ಗ್ಯಾಂಬಲ್ ಆಗಿಬಿಡುತ್ತದೆ.

ಮೌಸ್‌ನ ವೇಗ, ಗುಂಡಿಗಳ ಜೋಡಣೆ, ಪಾತ್ರದ ಕಣ್ಣಿನಿಂದ ಕಾಣುವ ನೋಟವೋ ಪಾತ್ರದ ಹಿಂಬದಿಯಿಂದ ಕಾಣುವ ನೋಟವೋ ಎಂಬ ವಿಚಾರಗಳಿಗೆ ಅವರು ಹೆಚ್ಚು ಸಮಯ ಕೊಡಲಿಲ್ಲ, ಕೊಡಬೇಕಾಗಿಯೂ ಇರಲಿಲ್ಲ.

ಕೊರತೆಗಳೂ ಇವೆ. ಇದೇ ಸೇವೆಯ ಗುಂಪು ತರಗತಿಯನ್ನು ನಾನು ಯಾರಿಗೂ ಶಿಫಾರಸು ಮಾಡಲಾರೆ. ಹಲವರ ರೆಕಾರ್ಡಿಂಗ್‌ಗಳನ್ನು ಒಂದೇ ಹೊತ್ತಿನಲ್ಲಿ ನೋಡಬೇಕಾಗಿ ಬಂದಾಗ ಪರಿಶೀಲನೆ ಮೇಲುಮೇಲಿನದಾಗಿ, ಹೆಜ್ಜೆಯವರೆಗೆ ಹಿಂದೆ ಹೋಗಿ ನೋಡುವ ಆ ತಾಳ್ಮೆಯೇ ಮಾಯವಾಗುತ್ತದೆ. ಎದುರುಬದುರು ಅಭ್ಯಾಸಕ್ಕೆ ಸರದಿ ಬರುವವರೆಗೆ ಸುಮ್ಮನೆ ನಿಂತಿರಬೇಕಾಗುತ್ತದೆ. ಎರಡನೆಯ ಕೊರತೆ, ಅಭ್ಯಾಸವೆಲ್ಲ ಲಾಂಗ್‌ಸ್ವರ್ಡ್ ಸುತ್ತಲೇ ಕಟ್ಟಿದ್ದು. ಹೆಚ್ಚು ಜನ ಹಿಡಿಯುವ, ಎಲ್ಲ ಗುಣಗಳೂ ಹದವಾಗಿರುವ ಆಯುಧ ಅದು ಎಂಬುದು ನಿಜ. ಆದರೂ ತಿವಿತವನ್ನೇ ನೆಚ್ಚಿರುವ ರೇಪಿಯರ್‌ನ ಎದುರಿಗೋ, ಒಂದೇ ಏಟಿನಲ್ಲಿ ಬಹಳ ಹಾನಿ ಮಾಡುವ ಮಾಲ್ ಎಂಬ ಭಾರಿ ಸುತ್ತಿಗೆಯ ಎದುರಿಗೋ ಅಂತರವನ್ನು ಹೇಗೆ ಕಾಯ್ದುಕೊಳ್ಳಬೇಕೆಂಬುದನ್ನು ಕೇಳಿ ಕೇಳಿ ಹೇಳಿಸಿಕೊಳ್ಳಬೇಕಾಯಿತು. ಡ್ಯುಯೆಲ್ ಸರ್ವರ್‌ಗಳಲ್ಲಿ ಎದುರಾಗುವವರು ನಮ್ಮ ಅನುಕೂಲಕ್ಕೆ ಆಯುಧ ಆರಿಸುವುದಿಲ್ಲ. ಪಾಠದಲ್ಲಿ ಇದಕ್ಕೆ ಮೊದಲಿನಿಂದಲೇ ಜಾಗವಿರಬೇಕಿತ್ತು.

ಹೊಸಬರಿಗೆ ಬೇಡ ಎಂದದ್ದಕ್ಕೆ ಕಾರಣ ಸರಳವಾದದ್ದು. ಬೀಸಿನ ಕೋನ ಆರಿಸುವುದು, ಪ್ಯಾರಿ ಮತ್ತು ರಿಪೋಸ್ಟ್ ಕೊಡುವುದು, ಫೇಂಟ್ ಮಾಡುವುದು ಇವೆಲ್ಲ ಯೋಚಿಸದೆ ಕೈಗೆ ಬರುವವರೆಗೆ ರೆಕಾರ್ಡಿಂಗ್ ಪರಿಶೀಲನೆಯಿಂದ ಸಿಗುವುದು ಅಲ್ಪ, ಮತ್ತು ಅಷ್ಟನ್ನು ಆಟದೊಳಗಿನ ಪಾಠವೂ ಡ್ಯುಯೆಲ್ ಸರ್ವರ್‌ಗಳೂ ಖರ್ಚಿಲ್ಲದೆ ಕಲಿಸುತ್ತವೆ. ಆ ಸರ್ವರ್‌ಗಳಲ್ಲಿ ನುರಿತವರು ಸೋತವರಿಗೆ ಕಾರಣ ವಿವರಿಸುವುದೂ ಉಂಟು. ಕೇಳುವ ಸಂಕೋಚ ಬಿಟ್ಟರೆ ಸಾಕು. ಅಲ್ಲಿ ಗೆಲುವು ಸೋಲು ಸಮಸಮವಾಗತೊಡಗಿ, ಆಮೇಲೂ ಒಂದೇ ಬಗೆಯ ಏಟಿಗೆ ಮತ್ತೆ ಮತ್ತೆ ಬೀಳುತ್ತಿರುವುದು ಗಮನಕ್ಕೆ ಬಂದಾಗ ಇಂಥ ತರಬೇತಿಗೆ ಸೇರುವುದು ಸೂಕ್ತ.

ಸೇರುವ ಮುನ್ನ ತರಬೇತುದಾರರನ್ನು ಎರಡು ವಿಷಯ ಕೇಳಿಕೊಳ್ಳಬೇಕು. ಒಂದು, ನಿಮ್ಮದೇ ಒಂದು ಚಿಕ್ಕ ರೆಕಾರ್ಡಿಂಗನ್ನು ಮೊದಲೇ ನೋಡಿ ಅಭಿಪ್ರಾಯ ಹೇಳುತ್ತಾರೆಯೇ ಎಂಬುದು. ಅವರ ಉತ್ತರ ಏಟು ಬಿದ್ದ ಕ್ಷಣದಲ್ಲೇ ನಿಂತರೆ ಬೇರೆಯವರನ್ನು ಹುಡುಕುವುದು ಒಳ್ಳೆಯದು. ಇನ್ನೊಂದು, ಎದುರುಬದುರು ಅಭ್ಯಾಸ ನಡೆಯುವ ಸರ್ವರ್‌ಗೆ ಇಬ್ಬರ ಪಿಂಗ್, ಅಂದರೆ ಸಂಕೇತ ಸರ್ವರ್‌ಗೆ ಹೋಗಿ ಬರಲು ಹಿಡಿಯುವ ಕಾಲ, ಎಷ್ಟಿರುತ್ತದೆ ಎಂಬುದು. ಒಬ್ಬರದು 30 ಮಿಲಿಸೆಕೆಂಡು, ಇನ್ನೊಬ್ಬರದು 150 ಮಿಲಿಸೆಕೆಂಡು ಆಗಿದ್ದರೆ ಡ್ರ್ಯಾಗ್ ಓದುವ ಅಭ್ಯಾಸದಲ್ಲಿ ಕಣ್ಣಿಗೆ ಕಾಣುವ ಹೊತ್ತೇ ಬೇರೆಯಾಗುತ್ತದೆ. ಅಂಥ ಸಂದರ್ಭದಲ್ಲಿ ಎದುರುಬದುರು ಅಭ್ಯಾಸವನ್ನು ಹತ್ತಿರದ ಸರ್ವರ್‌ನಲ್ಲಿ ಸಮಾನ ಮಟ್ಟದ ಇನ್ನೊಬ್ಬ ಆಟಗಾರರೊಂದಿಗೆ ನಡೆಸಿ, ತರಬೇತುದಾರರಿಗೆ ಅದರ ರೆಕಾರ್ಡಿಂಗನ್ನು ಮಾತ್ರ ಕಳುಹಿಸುವುದು ಮೇಲು.